ಶಾಸನ ಪಿತಾಮಹ ಬಿ. ಎಲ್. ರೈಸ್

ದೊಡ್ಡನೆಕ್ಕುಂದಿ, ವಿಭೂತಿಪುರ, ಮಾರತಹಳ್ಳಿಗಳ ಭಕ್ತರು ಒಂದೆಡೆ ಸೇರಿದಾಗ, ಪ್ರಸಾದವಾದ ಮೇಲೆ ಮಾತು ಬಹುಬೇಗ ಇತಿಹಾಸದ ಕಡೆಗೆ ಹೊರಳುವುದನ್ನು ನಾವು ಕಂಡಿದ್ದೇವೆ. ರೋಮ್ ಸಾಮ್ರಾಜ್ಯ ಏಕೆ ಬಿದ್ದಿತು, ಈಜಿಪ್ಟಿನ ನಾಗರಿಕತೆ ಹಿರಿದೋ ಸಿಂಧೂ ಬಯಲಿನದು ಹಿರಿದೋ ಎಂದು ಆರಂಭವಾದ ಚರ್ಚೆ, ಯಾವ ಅರಸ ಯಾವ ಮತವನ್ನು ತುಳಿದ, ಯಾರ ಗುಡಿಯನ್ನು ಯಾರು ಕೆಡಿಸಿದರು, ಈ ಬೆಂಗಳೂರಿನ ನೆಲದಲ್ಲಿ ಮೊದಲು ನಿಂತವರು ಯಾರು ಎಂಬಲ್ಲಿಗೆ ಬಂದು ಮುಟ್ಟುತ್ತದೆ. ದನಿ ಏರುವುದೂ ಉಂಟು. ಆದರೆ ಆಧಾರವೇನೆಂದು ಕೇಳುವವರು ವಿರಳ. ಕೇಳಿದರೆ ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸುವವರೇ ಹೆಚ್ಚು. ಕನ್ನಡ ನಾಡಿನ ಮಟ್ಟಿಗೆ ಇಂಥ ವಾದಗಳಿಗೆ ಕಲ್ಲಿನಷ್ಟು ಗಟ್ಟಿಯಾದ ಆಧಾರವನ್ನು ಒಟ್ಟುಗೂಡಿಸಿ ಕೊಟ್ಟ ಮಹನೀಯರೊಬ್ಬರು ನಮ್ಮ ಈ ಊರಿನಲ್ಲೇ ಹುಟ್ಟಿದರು. ಅವರು ಬೆಂಜಮಿನ್ ಲೂಯಿಸ್ ರೈಸ್. ನಾಡು ಅವರನ್ನು ಶಾಸನ ಪಿತಾಮಹ ಎಂದು ಕರೆದಿದೆ. ಅವರ ಜೀವನವನ್ನು ಸದ್ಭಕ್ತರ ಮುಂದಿಡುವುದು ಈ ಬರಹದ ಉದ್ದೇಶ.

ರೈಸ್ ಅವರು 1837ರ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ಕನ್ನಡವನ್ನು ಚೆನ್ನಾಗಿ ಕಲಿತು ಅರ್ಧ ಶತಮಾನದಷ್ಟು ಕಾಲ ಇಲ್ಲಿಯೇ ದುಡಿದವರು. ಅವಿನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದೇ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇದೇ ಮನೆಯ ಮತ್ತೊಬ್ಬ ಮಗ. ಪಾದ್ರಿಗಳ ಮನೆಯಲ್ಲಿ ಹುಟ್ಟಿದರೂ ಲೂಯಿಸ್ ರೈಸ್ ಮತಪ್ರಚಾರದ ದಾರಿ ಹಿಡಿಯಲಿಲ್ಲ. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾದದ್ದು ಆ ಶಾಲೆಯೇ.

1865ರಲ್ಲಿ ಅವರಿಗೆ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಹುದ್ದೆ ದೊರೆಯಿತು. ಶಾಲೆಗಳ ತಪಾಸಣೆಗೆಂದು ಊರೂರು ಸುತ್ತಬೇಕಾದ ಕೆಲಸವದು. ಊರು ಹೊಕ್ಕಲ್ಲೆಲ್ಲ ಗುಡಿಯ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರಹದ ಕಲ್ಲುಗಳು ಎದುರಾಗುತ್ತಿದ್ದವು. ಊರಿನವರು ದಿನವೂ ನೋಡುತ್ತಿದ್ದರೂ ಓದಬಲ್ಲವರಿರಲಿಲ್ಲ. ಹಳಗನ್ನಡದ ಲಿಪಿ ಅಷ್ಟು ದೂರ ಸರಿದಿತ್ತು. ಅದೇ ಹೊತ್ತಿಗೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಸರ್ಕಾರದ ಪರವಾಗಿ ಕೆಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದುವ ಹೊಣೆ ರೈಸ್ ಅವರ ಪಾಲಿಗೆ ಬಂದಿತು. ಪಂಡಿತರ ನೆರವಿನಿಂದ ಅಕ್ಷರ ಅಕ್ಷರವಾಗಿ ಬಿಡಿಸಿ 1879ರಲ್ಲಿ ಅವುಗಳ ಅನುವಾದವನ್ನು ಗ್ರಂಥವಾಗಿ ಪ್ರಕಟಿಸಿದರು. ಈ ನಡುವೆ ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಮೂರು ಸಂಪುಟಗಳಲ್ಲಿ ಬರೆದು ಮುಗಿಸಿದ್ದರು. 1881ರ ಜನಗಣತಿಯ ಹೊಣೆಯನ್ನೂ ಹೊತ್ತರು. 1885ರಲ್ಲಿ ಮೈಸೂರು ಸಂಸ್ಥಾನವು ಪುರಾತತ್ತ್ವ ಇಲಾಖೆಯನ್ನು ತೆರೆದಾಗ ಅದರ ಮೊದಲ ನಿರ್ದೇಶಕರಾದರು.

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳ ದುಡಿಮೆಯ ಫಲವೇ ಎಪಿಗ್ರಾಫಿಯಾ ಕರ್ನಾಟಿಕಾ. 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭವಾಗಿ 1905ರಲ್ಲಿ ಬೆಂಗಳೂರು ಮತ್ತು ಕೋಲಾರದ ಸಂಪುಟಗಳೊಡನೆ ಮುಗಿದ 12 ಸಂಪುಟಗಳು. ಒಟ್ಟು 8,869 ಶಾಸನಗಳು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅಂಟಿಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳೊಳಗೆ ಕೂರಿಸಿ, ಮೇಲೆ ಮಸಿಯೊತ್ತಿ ಪಡಿಯಚ್ಚು ತೆಗೆಯುವುದು ಈ ಕೆಲಸದ ಕ್ರಮ. ಅದಾದ ಮೇಲೆ ಓದಬೇಕು, ಪಾಠ ನಿರ್ಣಯಿಸಬೇಕು, ಶಕವರ್ಷವನ್ನು ಲೆಕ್ಕ ಹಾಕಬೇಕು, ಅನುವಾದಿಸಬೇಕು. ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನಡಿ ಒಂದು ಸಂಖ್ಯೆಯನ್ನು ಅವರು ಕೊಟ್ಟರು. ಇಂದಿಗೂ ವಿದ್ವಾಂಸರು ಕಲ್ಲನ್ನು ಗುರುತಿಸುವುದು ಆ ಸಂಖ್ಯೆಯಿಂದಲೇ. ಇದರ ಜೊತೆಗೇ ಪಂಪ ರಾಮಾಯಣ, ಪಂಪ ಭಾರತ, ಕರ್ಣಾಟಕ ಭಾಷಾಭೂಷಣಗಳಂಥ ಹಳಗನ್ನಡ ಕೃತಿಗಳನ್ನು ಓಲೆಗರಿಗಳಿಂದ ಅಚ್ಚಿಗೆ ತಂದರು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇಷ್ಟು ಹಿಡಿಸಿತೆಂಬುದು ನಮಗೆ ಈಗಲೂ ಅಚ್ಚರಿಯೇ.

1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಸೀಮೆಯಲ್ಲಿ ಅವರಿಗೆ ಅಶೋಕನ ಶಾಸನಗಳು ದೊರೆತವು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಬ್ರಾಹ್ಮೀ ಲಿಪಿಯ ಬಂಡೆಗಳು. ಜಟಿಂಗ ರಾಮೇಶ್ವರದ ಬಂಡೆಯನ್ನು ಜನ ಬಳೆಗಾರ ಗುಂಡು ಎಂದು ಕರೆಯುತ್ತಿದ್ದರು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಶಿವನ ಜಾತ್ರೆಯಲ್ಲಿ ಬಳೆ ಹರಡಿದ ಬಂಡೆಯ ಮೈಮೇಲೆ ಬೌದ್ಧ ಚಕ್ರವರ್ತಿಯ ಆಜ್ಞೆ ಎರಡು ಸಾವಿರ ವರ್ಷಗಳಿಂದ ಕುಳಿತಿತ್ತು. ಮೌರ್ಯರ ಆಳ್ವಿಕೆ ಕನ್ನಡ ನೆಲದವರೆಗೆ ಬಂದಿತ್ತೇ ಎಂಬ ವಾದ ಅಂದಿಗೆ ತೀರಿತು.

ಎಲ್ಲ ವಾದಗಳೂ ಹಾಗೆ ತೀರಲಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅವರೂ ಕನ್ನಡ ಶಾಸನಗಳ ದೊಡ್ಡ ವಿದ್ವಾಂಸರು. ತಲಕಾಡಿನ ಗಂಗರ ಹಳೆಯ ತಾಮ್ರಪಟಗಳನ್ನು ರೈಸ್ ನಂಬಿದರು. ಫ್ಲೀಟ್ ಅವನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು. ಚಂದ್ರಗುಪ್ತ ಮೌರ್ಯನು ಭದ್ರಬಾಹು ಮುನಿಗಳೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಜೈನ ಐತಿಹ್ಯವನ್ನು ರೈಸ್ ಎತ್ತಿಹಿಡಿದರು; ಫ್ಲೀಟ್ ಒಪ್ಪಲಿಲ್ಲ. ವರ್ಷಗಟ್ಟಲೆ ನಡೆದ ಈ ವಾದದಲ್ಲಿ ಗೆದ್ದವರು ಯಾರೆಂದು ಒಂದೇ ಮಾತಿನಲ್ಲಿ ಹೇಳಲಾಗದು. ಆ ತಾಮ್ರಪಟಗಳಲ್ಲಿ ಹಲವನ್ನು ಇಂದಿನ ವಿದ್ವಾಂಸರೂ ಕೂಟವೆಂದೇ ಎಣಿಸುತ್ತಾರೆ. ಆದರೆ ಗಂಗವಂಶ ಪ್ರಾಚೀನವಾದುದೆಂಬ ರೈಸ್ ಅವರ ನಿಲುವು ನಿಂತಿದೆ. ಚಂದ್ರಗುಪ್ತನ ವಿಚಾರ ಇನ್ನೂ ಚರ್ಚೆಯಲ್ಲಿದೆ. ನಮಗೆ ಮೆಚ್ಚುಗೆಯಾಗುವುದು ಬೇರೊಂದು ಸಂಗತಿ: ಇಬ್ಬರೂ ಶಾಸನದ ಪಾಠವನ್ನು ಎದುರಿಗಿಟ್ಟುಕೊಂಡು, ಲಿಪಿಯ ರೂಪ, ತಿಥಿವಾರಗಳ ಲೆಕ್ಕ ಹಿಡಿದು ವಾದಿಸಿದರು. ಪಾಠ ಅಚ್ಚಾಗಿದ್ದುದರಿಂದ ಮೂರನೆಯವನೂ ಪರೀಕ್ಷಿಸಿ ನೋಡಬಹುದಾಗಿತ್ತು.

ಅರಸರು ಮತ್ತು ಧರ್ಮಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆಗೆ ರೈಸ್ ಅವರ ಸಂಪುಟಗಳ ಮೂರು ಕಲ್ಲುಗಳು ಬಹಳ ಮುಖ್ಯವೆಂದು ನಾವು ಭಾವಿಸುತ್ತೇವೆ.

ಮೊದಲನೆಯದು ಬಳ್ಳಿಗಾವೆಯದು. ಕಲ್ಯಾಣದ ಬಿಜ್ಜಳನ ಕಾಲದ, 1162ರ ಶಾಸನ. ಬಿಜ್ಜಳನ ಹೆಸರೆತ್ತಿದೊಡನೆ ನಮ್ಮ ಮನಸ್ಸು ಕಲ್ಯಾಣದ ಕ್ರಾಂತಿಗೆ ಹೋಗುವುದು ಸಹಜ. ಆದರೆ ಅವನ ಆಳ್ವಿಕೆಯ ಈ ಕಲ್ಲು ವರ್ಣಿಸುವುದು ಕೋಡಿಯಮಠವೆಂಬ ಕಾಳಾಮುಖ ಶೈವರ ಮಠವನ್ನು. ಅಲ್ಲಿ ವೇದಗಳು, ವ್ಯಾಕರಣಗಳು, ಲಾಕುಳ ಸಿದ್ಧಾಂತ, ಯೋಗಶಾಸ್ತ್ರಗಳೊಡನೆ ಬೌದ್ಧ ದರ್ಶನವನ್ನೂ ಓದಿಸುತ್ತಿದ್ದರು. ಜೈನ ಸಂಪ್ರದಾಯದ ಶಾಕಟಾಯನ ವ್ಯಾಕರಣವೂ ಆ ಪಟ್ಟಿಯಲ್ಲಿದೆ. ದೀನರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಹಲವು ದೇಶಗಳಿಂದ ಬಂದ ಭಿಕ್ಷುಗಳು, ಶ್ರಮಣರೂ ಸಹ ಅಲ್ಲಿ ಅನ್ನ ಪಡೆಯುತ್ತಿದ್ದರು, ರೋಗಿಗಳಿಗೆ ಔಷಧೋಪಚಾರವಿತ್ತು. ಎದುರು ಮತದ ಶಾಸ್ತ್ರವನ್ನು ತನ್ನ ಛಾವಣಿಯ ಕೆಳಗೇ ಓದಿಸಿದ ಶೈವಮಠವೊಂದು ಕನ್ನಡ ನಾಡಿನಲ್ಲಿತ್ತೆಂಬುದಕ್ಕೆ ಪುರಾಣವಲ್ಲ, ಕಲ್ಲೇ ಸಾಕ್ಷಿ.

ಎರಡನೆಯದು ಶ್ರವಣಬೆಳಗೊಳದ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಕಲಹವಾಗಿ ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರು ಒಯ್ದರು. ಅರಸನು ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ತೀರ್ಮಾನಿಸಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ತೀರ್ಪು ಅಷ್ಟಕ್ಕೇ ನಿಲ್ಲಲಿಲ್ಲ. ರಾಜ್ಯದ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸುವ, ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸುವ ಹೊಣೆ ವೈಷ್ಣವರ ಮೇಲೆಯೇ ಬಿದ್ದಿತು. ಕಲಹವಾಡಿದವರೇ ಕಾವಲು ನಿಲ್ಲಿಸಬೇಕೆಂಬ ಇಂಥ ಏರ್ಪಾಡು ಇಂದಿನ ನ್ಯಾಯಾಲಯಗಳಿಗೂ ಸುಲಭವಾಗಿ ಹೊಳೆಯಲಾರದು.

ಮೂರನೆಯದು ನಮಗೆ ಹತ್ತಿರದ್ದು. ಆದ್ದರಿಂದಲೇ ನಾವು ಹೆಚ್ಚು ಗಮನವಿಟ್ಟು ಓದಬೇಕಾದದ್ದು. 1638ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬ ವೀರಶೈವನು ಲಿಂಗಮುದ್ರೆ ಹಾಕಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಊರು ಎರಡಾಗಿ ಕೈಕೈ ಮಿಲಾಯಿಸಲು ಇಷ್ಟು ಸಾಕಿತ್ತು. ಜೈನ ಪ್ರಮುಖರು ನ್ಯಾಯ ಕೇಳಿದರು. ವೀರಶೈವರ ಮಹಾಮಹತ್ತಿನ ಹಿರಿಯರು ಕೂಡಿ ವಿಚಾರಿಸಿದರು. ಮೊದಲು ಶೈವ ಕ್ರಮದಂತೆ ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆ ಬಳಿಕ ಜೈನರು ತಮ್ಮ ಪೂಜೆ ಪುರಸ್ಕಾರಗಳನ್ನು ಹಿಂದಿನಿಂದ ನಡೆದುಬಂದಂತೆಯೇ ಸೂರ್ಯಚಂದ್ರರಿರುವವರೆಗೆ ನಡೆಸಿಕೊಳ್ಳಬಹುದೆಂದು ಕಟ್ಟಳೆಯಾಯಿತು. ಇದು ಪೂರ್ಣ ಸಮಾನತೆಯಲ್ಲವೆಂಬುದನ್ನು ಮರೆಮಾಚಬೇಕಿಲ್ಲ; ಬಸದಿಯಲ್ಲಿ ವಿಭೂತಿಗೆ ಮೊದಲ ಮರ್ಯಾದೆ ಸಲ್ಲಬೇಕೆಂಬುದರಲ್ಲಿ ಬಲಶಾಲಿಗಳ ಕೈ ಕಾಣುತ್ತದೆ. ಆದರೂ ಆ ಹಿರಿಯರು ಹಾಕಿದ ಶಾಪವನ್ನು ನೋಡಬೇಕು. ಸಾಮಾನ್ಯವಾಗಿ ಶಾಸನದ ಕೊನೆಯ ಶಾಪ ಅನ್ಯರ ಮೇಲಿರುತ್ತದೆ. ಇಲ್ಲಿ ಅದು ತಮ್ಮವರ ಮೇಲೆಯೇ: ಈ ಜಿನಧರ್ಮಕ್ಕೆ ಅಡ್ಡಿಪಡಿಸುವ ವೀರಶೈವನು ಮಹಾಮಹತ್ತಿಗೆ ಹೊರಗಾದವನು, ಶಿವನಿಗೂ ಜಂಗಮಕ್ಕೂ ದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ತಪ್ಪಿದವನು ಎಂಬುದು ಅದರ ತಾತ್ಪರ್ಯ.

ಅನ್ಯರು ನಮಗೆ ಮಾಡಿದ್ದನ್ನು ಎಣಿಸುವಾಗ ಈ ಕಲ್ಲನ್ನು ಬಿಟ್ಟು ಎಣಿಸುವಂತಿಲ್ಲ. ನಮ್ಮನ್ನು ಹಳಿಯುವವರೂ ಇದನ್ನು ಅರ್ಧ ಓದಿ ನಿಲ್ಲಿಸುವಂತಿಲ್ಲ. 1902ರಲ್ಲಿ ಪ್ರಕಟವಾದ ಹಾಸನ ಜಿಲ್ಲೆಯ ಸಂಪುಟದಲ್ಲಿ ಬೇಲೂರು ತಾಲ್ಲೂಕಿನ ಶಾಸನಗಳ ನಡುವೆ ಇದಿದೆ. ಕ್ರೈಸ್ತರಾಗಿ ಹುಟ್ಟಿದ ರೈಸ್ ಅವರು ಜೈನ, ಶೈವ, ವೈಷ್ಣವ, ಬೌದ್ಧ, ಮುಸ್ಲಿಂ ಎಂದೆಣಿಸದೆ ಸಿಕ್ಕಿದ ಬರಹಗಳನ್ನೆಲ್ಲ ಸಾಲಾಗಿ ಸೇರಿಸಿದರು. ಯಾರಿಗೆ ಹಿತ, ಯಾರಿಗೆ ಅಹಿತ ಎಂದು ಆರಿಸಿದ್ದರೆ ಈ ಕಟ್ಟಳೆ ಇಷ್ಟು ಸುಲಭವಾಗಿ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ನಮ್ಮ ಸುತ್ತಲಿನ ನೆಲಕ್ಕೆ ಸಂಬಂಧಿಸಿದ್ದು 1905ರ ಒಂಬತ್ತನೆಯ ಸಂಪುಟ. ದೊಡ್ಡನೆಕ್ಕುಂದಿಯಿಂದ ಯಾವ ದಿಕ್ಕಿಗೆ ಹೊರಟರೂ ಅದರ ಪುಟಗಳ ಊರೊಂದು ಸಿಗುತ್ತದೆ. ಪೂರ್ವಕ್ಕೆ ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದಲ್ಲಿ ಕೆರೆ ಕಟ್ಟಿಸಿದ ತಮಿಳು ಶಾಸನ. ಪಶ್ಚಿಮಕ್ಕೆ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ಮತ್ತೆ ತಮಿಳು ಬರಹಗಳು. ದಕ್ಷಿಣಕ್ಕೆ ಅಗರ, ಬೇಗೂರುಗಳಲ್ಲಿ ಚೋಳರಿಗಿಂತ ಹಿಂದಿನ ಗಂಗರ ಕಾಲದ ಕನ್ನಡ ಕಲ್ಲುಗಳು. ಅಗರದ್ದು ಕೆರೆಗಳ ತೂಬಿನ ಮಾತು, ಬೇಗೂರಿನದು ಯುದ್ಧದ ಚಿತ್ರ ಕೆತ್ತಿದ ಹಿರಿಯ ವೀರಗಲ್ಲು. ಈ ಊರು ಯಾರದೆಂದು ಜಗಳವಾಡುವ ಎರಡೂ ಪಕ್ಷಗಳಿಗೆ ಈ ಸಂಪುಟ ಸ್ವಲ್ಪ ಸ್ವಲ್ಪ ಮುಜುಗರ ತರುತ್ತದೆ. ಎರಡು ಭಾಷೆಯ ಕಲ್ಲುಗಳೂ ಹೆಚ್ಚಾಗಿ ಹೇಳುವುದು ಕೆರೆ, ತೂಬು, ಗದ್ದೆ, ದೇವರ ದೀಪಗಳ ಸುದ್ದಿಯನ್ನೇ. ಅರಸ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರೆಂಬ ಹೆಸರು ಬಂದಿತೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ರೈಸ್ ಅವರ ಉತ್ತರಾಧಿಕಾರಿಗಳಾದ ಆರ್. ನರಸಿಂಹಾಚಾರ್ ಅವರು ಬೇಗೂರಿನಲ್ಲೇ ಮತ್ತೊಂದು ವೀರಗಲ್ಲನ್ನು ಓದಿ, ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರೆಂಬ ಹೆಸರಿತ್ತೆಂದು ತೋರಿಸಿಕೊಟ್ಟರು. ಕಥೆ ಸೊಗಸಾದುದೇ, ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ.

ರೈಸ್ ಅವರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿನ ಹ್ಯಾರೋ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿಂದಲೇ 1909ರಲ್ಲಿ ಶಾಸನಗಳ ಆಧಾರದ ಮೇಲೆ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಬರೆದು ಪ್ರಕಟಿಸಿದರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ ನಿಧನರಾದರು.

ಅವರು ಬೆಂಗಳೂರಿನ ಸುತ್ತ ನೋಡಿ ಬರೆದುಕೊಂಡ ಕಲ್ಲುಗಳಲ್ಲಿ ಅನೇಕವು ಇಂದು ಕಾಣೆಯಾಗಿವೆ. ರಸ್ತೆ, ಬಡಾವಣೆ, ಕಟ್ಟಡಗಳ ಅಡಿಪಾಯಗಳಲ್ಲಿ ಅವು ಸೇರಿಹೋಗಿವೆ. ಅಂಥವುಗಳ ಮಟ್ಟಿಗೆ ಉಳಿದಿರುವುದು ರೈಸ್ ಅವರ ಪುಟ ಮಾತ್ರ. ಉಳಿದ ಕಲ್ಲುಗಳನ್ನು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಯಂತ್ರದಿಂದ ಸ್ಕ್ಯಾನ್ ಮಾಡಿ ಮೂರು ಆಯಾಮಗಳಲ್ಲಿ ದಾಖಲಿಸುತ್ತಿದ್ದಾರೆ. ದೊಡ್ಡನೆಕ್ಕುಂದಿ, ವಿಭೂತಿಪುರಗಳ ಹಳೆಯ ಗುಡಿಗಳ ಹಿಂದೆ, ಕೆರೆಯಂಗಳದಲ್ಲಿ, ಮನೆಯ ಹಿತ್ತಿಲಲ್ಲಿ ಅಕ್ಷರವುಳ್ಳ ಕಲ್ಲನ್ನು ಕಂಡ ಭಕ್ತರು ಅವರಿಗೆ ತಿಳಿಸಬಹುದು. ಅದಕ್ಕೆ ಬಣ್ಣ ಬಳಿಯದೆ, ಸಿಮೆಂಟು ಮೆತ್ತದೆ ಇದ್ದಲ್ಲೇ ಬಿಟ್ಟರೆ ಓದುವವರಿಗೆ ಅನುಕೂಲ. ಎಣ್ಣೆ ಅರಿಶಿನ ಹಚ್ಚಿಸಿಕೊಂಡು ಪೂಜೆಗೊಳ್ಳುತ್ತಿರುವ ಕಲ್ಲುಗಳ ಹಿಂಬದಿಯಲ್ಲಿ ಬರಹವಿರುವುದೂ ಉಂಟು.