ಸಂದೇಶ ದಾಟಿಸಿದ ಮ್ಯಾಕ್ಸಿಮ್

ನಾನು ಈ ಸಲ ಹಿರಾಮ್ ಪರ್ಸಿ ಮ್ಯಾಕ್ಸಿಮ್ ಅವರ ಬಗ್ಗೆ ಬರೆದಿದ್ದೇನೆ. ಇವರು 1869ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ತಂದೆ ಮೆಷಿನ್ ಗನ್ ಕಂಡುಹಿಡಿದರು. ಮಗ ಬಂದೂಕಿನ ಸದ್ದು ಅಡಗಿಸುವ ಸಾಧನ ಕಂಡುಹಿಡಿದರು. ರೇಡಿಯೋ ಇವರ ಹವ್ಯಾಸ. ಸ್ವಂತ ಯಂತ್ರದಿಂದ ದೂರದವರಿಗೆ ಸಂದೇಶ ಕಳಿಸುವ ಇಂಥವರಿಗೆ ಹ್ಯಾಮ್ ಅಂತಾರೆ.

1914ರಲ್ಲಿ ಇವರು ಹಾರ್ಟ್‌ಫರ್ಡ್‌ನಿಂದ ಸುಮಾರು 40 ಕಿ.ಮೀ. ದೂರದ ಸ್ಪ್ರಿಂಗ್‌ಫೀಲ್ಡ್‌ಗೆ ಸಂದೇಶ ಕಳಿಸಿ ನೋಡಿದರು. ಮುಟ್ಟಲಿಲ್ಲ. ನಡುವೆ ಇರುವ ವಿಂಡ್ಸರ್ ಲಾಕ್ಸ್‌ನ ಹವ್ಯಾಸಿಯೊಬ್ಬರು ಅದನ್ನು ಮುಂದಕ್ಕೆ ದಾಟಿಸಿದರು. ಬೆಂಕಿ ಬಿದ್ದಾಗ ಸಾಲಾಗಿ ನಿಂತು ನೀರಿನ ಕೊಡ ಕೈಯಿಂದ ಕೈಗೆ ಕೊಡ್ತಾರಲ್ಲ, ಹಾಗೆ! ದೇಶದ ಹವ್ಯಾಸಿಗಳೆಲ್ಲಾ ಹೀಗೆ ಸೇರಿದರೆ ಎಷ್ಟು ದೂರ ಬೇಕಾದರೂ ಸುದ್ದಿ ಹೋಗುತ್ತದೆ ಎಂದು ಮ್ಯಾಕ್ಸಿಮ್ ಯೋಚಿಸಿದರು. ತಮ್ಮೂರಿನ ರೇಡಿಯೋ ಕ್ಲಬ್ಬಿನಲ್ಲಿ ಇದನ್ನು ಹೇಳಿ, ಟಸ್ಕಾ ಎಂಬ ಯುವಕನ ಜೊತೆ ಅಮೆರಿಕನ್ ರೇಡಿಯೋ ರಿಲೇ ಲೀಗ್ ಕಟ್ಟಿದರು.

1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಸರ್ಕಾರ ಹವ್ಯಾಸಿಗಳ ರೇಡಿಯೋಗಳನ್ನೆಲ್ಲಾ ಬಂದ್ ಮಾಡಿಸಿತು. ಯುದ್ಧ ಮುಗಿದರೂ ಬೇಗ ಅನುಮತಿ ಸಿಗಲಿಲ್ಲ. ಮ್ಯಾಕ್ಸಿಮ್ ಮತ್ತು ಗೆಳೆಯರು ಬಿಡದೆ ಕೇಳಿದರು. 1919ರಲ್ಲಿ ಮತ್ತೆ ಶುರುವಾಯ್ತು. 1933ರಲ್ಲಿ ಲೀಗಿನವರು ಫೀಲ್ಡ್ ಡೇ ಆರಂಭಿಸಿದರು. ಅವತ್ತು ಕ್ಲಬ್ಬಿನವರು ಬಯಲಿಗೆ ಹೋಗಿ ರೇಡಿಯೋ ಹೂಡುತ್ತಾರೆ. ಆಪತ್ತು ಬಂದರೆ ಸಂದೇಶ ಕಳಿಸಲು ಇದು ಅಭ್ಯಾಸ.

ಮ್ಯಾಕ್ಸಿಮ್ 1936ರಲ್ಲಿ ತೀರಿಕೊಂಡರು. ಇವರ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ವಿಂಡ್ಸರ್ ಲಾಕ್ಸ್‌ನ ಆ ಹವ್ಯಾಸಿ. ಸಂದೇಶ ಅವರದಲ್ಲ, ಅವರಿಗೆ ಬಂದದ್ದೂ ಅಲ್ಲ. ಆದರೂ ದಾಟಿಸಿದರು.