ಭ್ರಮನಿರಸನವೇ ಕೊನೆಯಲ್ಲ: ಕಮಲಾದೇವಿಯವರ ಬಾಳು ಕಲಿಸುವ ಪಾಠ

ಬಂದರಿನ ಸಗಟು ಮಳಿಗೆಗಳ ಜಗಲಿಗಳಲ್ಲಿ, ಧಕ್ಕೆಯ ಮೀನಿನ ಹರಾಜಿನ ನಡುವೆ, ಭಾನುವಾರದ ಬಲಿಪೂಜೆ ಮುಗಿದ ಬಳಿಕ ಚರ್ಚಿನ ಅಂಗಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಯಾರು ಗೆದ್ದರೂ ಒಂದೇ, ದೆಹಲಿಯಲ್ಲಿ ನಡೆಯುವುದಕ್ಕೂ ನಮ್ಮ ಬದುಕಿಗೂ ಸಂಬಂಧವಿಲ್ಲ, ಮತ ಹಾಕಿ ಬಂದ ಮೇಲೆ ನಮ್ಮಂಥವರು ಮಾಡುವುದಕ್ಕೇನೂ ಉಳಿದಿಲ್ಲ ಎಂಬ ಭಾವನೆ ಎಲ್ಲೆಡೆ ಹರಡಿದೆ. ಹಿರಿಯರು ಪತ್ರಿಕೆಯ ಮೊದಲ ಪುಟವನ್ನು ಬಿಟ್ಟು ಮರಣದ ಸುದ್ದಿಗಳ ಪುಟವನ್ನು ಮೊದಲು ತೆರೆಯುತ್ತಾರೆ. ಕಿರಿಯರು ಪರದೇಶದ ವೀಸಾದ ಮಾತನಾಡುತ್ತಾರೆ. ಈ ಬೇಸರವನ್ನು ಲಘುವಾಗಿ ಕಾಣುವುದು ಸರಿಯಲ್ಲ. ಇದಕ್ಕೆ ಕಾರಣಗಳಿವೆ. ಆದರೆ ಈ ಬೇಸರ ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಯೋಚಿಸುವುದು ಕ್ರೈಸ್ತ ಕುಟುಂಬಗಳ ಕರ್ತವ್ಯ.

ನಮ್ಮ ಭಾಷೆಯಲ್ಲಿ ಭ್ರಮನಿರಸನ ಎಂಬ ಅರ್ಥವತ್ತಾದ ಪದವಿದೆ. ಭ್ರಮೆ ನೀಗುವುದೇ ಭ್ರಮನಿರಸನ. ಹಾಗಾದರೆ ಅದು ಒಳಿತೇ ಅಲ್ಲವೇ? ಇಲ್ಲದ್ದನ್ನು ಇದೆ ಎಂದು ನಂಬಿದ್ದವನಿಗೆ ಸತ್ಯ ಕಂಡರೆ ಅವನು ದುಃಖಪಡಬಹುದು, ಆದರೆ ಬಡವನಾಗುವುದಿಲ್ಲ. ಭ್ರಮನಿರಸನವು ಹತಾಶೆಯಾಗಿ ಮಾರ್ಪಟ್ಟಾಗ ಮಾತ್ರ ಅಪಾಯ ಆರಂಭವಾಗುತ್ತದೆ. ಸಂತ ಥಾಮಸ್ ಅಕ್ವಿನಾಸರು ಭರವಸೆ ಎಂಬ ಸದ್ಗುಣಕ್ಕೆ ಎರಡು ಶತ್ರುಗಳನ್ನು ಗುರುತಿಸಿದರು. ಒಂದು ಹತಾಶೆ, ಇನ್ನೊಂದು ಅತಿಭರವಸೆ. ಅವರು ಹೇಳಿದ್ದು ದೇವರಲ್ಲಿಡುವ ಭರವಸೆಯ ಕುರಿತು. ಆದರೆ ಸಾರ್ವಜನಿಕ ಜೀವನಕ್ಕೂ ಈ ವಿವೇಚನೆ ಹೊಂದುತ್ತದೆ. ಒಬ್ಬ ನಾಯಕನು ಬಂದು ಎಲ್ಲವನ್ನೂ ಸರಿಪಡಿಸುವನೆಂದು ಕಾದು ಕುಳಿತುಕೊಳ್ಳುವುದು ಅತಿಭರವಸೆ. ಯಾರಿಂದಲೂ ಏನೂ ಆಗದೆಂದು ಬಾಗಿಲು ಮುಚ್ಚಿಕೊಳ್ಳುವುದು ಹತಾಶೆ. ಇವೆರಡೂ ವಿರುದ್ಧವೆಂದು ತೋರಿದರೂ ಫಲ ಒಂದೇ: ಎರಡೂ ಮನುಷ್ಯನನ್ನು ಕೈಕಟ್ಟಿ ಕುಳ್ಳಿರಿಸುತ್ತವೆ.

ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ ಎಂಬುದನ್ನು ನಮ್ಮದೇ ಊರಿನ ಮಗಳೊಬ್ಬರು ತಮ್ಮ ಬಾಳಿನಿಂದ ತೋರಿಸಿದ್ದಾರೆ. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಅವರು ಕ್ರೈಸ್ತರಲ್ಲ. ಆದರೆ ಪವಿತ್ರಾತ್ಮರು ತಮಗಿಷ್ಟ ಬಂದಲ್ಲಿ ಬೀಸುವ ಗಾಳಿಯಂತೆ ಎಂಬುದನ್ನು ಬಲ್ಲ ನಮಗೆ, ಸದ್ಗುಣವನ್ನು ಕಂಡಲ್ಲಿ ಗೌರವಿಸಲು ಯಾವ ಅಡ್ಡಿಯೂ ಇಲ್ಲ.

1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಕಮಲಾದೇವಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಸರಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ ಓದು ಬಲ್ಲವರು, ಸ್ವತಂತ್ರ ವಿಚಾರದವರು. ಮಗು ಏಳು ವರ್ಷದವಳಿದ್ದಾಗ ತಂದೆ ಮೃತ್ಯುಪತ್ರವನ್ನೂ ಬರೆಯದೆ ತೀರಿಕೊಂಡರು. ಆ ಕಾಲದ ನಿಯಮದಂತೆ ಆಸ್ತಿ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಹಕ್ಕು ಇರಲಿಲ್ಲ. ಕೊಡುವೆವೆಂದ ಜೀವನಾಂಶವನ್ನು ಗಿರಿಜಾಬಾಯಿ ಸ್ವೀಕರಿಸದೆ ತಮ್ಮ ಪಾಲಿಗೆ ಇದ್ದುದರಲ್ಲಿಯೇ ಬಾಳಿದರು. ಕಾನೂನು ಅನ್ಯಾಯವಾಗಿರಬಲ್ಲದು, ಆದರೂ ಮನುಷ್ಯನು ತಲೆಯೆತ್ತಿ ಬಾಳಬಲ್ಲನು ಎಂಬ ಪಾಠವನ್ನು ಆ ಹುಡುಗಿ ಶಾಲೆಯಲ್ಲಿ ಅಲ್ಲ, ಮನೆಯಲ್ಲಿ ಕಲಿತಳು.

1917ರಲ್ಲಿ, ಹದಿನಾಲ್ಕರ ವಯಸ್ಸಿಗೆ, ಅವರ ಮದುವೆಯಾಯಿತು. ಎರಡೇ ವರ್ಷಗಳಲ್ಲಿ ಅವರು ವಿಧವೆಯಾದರು. ವಿಧವೆಯೆಂದರೆ ಮನೆಯ ಮೂಲೆ ಎಂದಿದ್ದ ಆ ದಿನಗಳಲ್ಲಿ ಅವರು ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಓದು ಮುಂದುವರಿಸಿದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದಾಗ ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾದರು. ಆ ದಾಂಪತ್ಯ ಮುಂದೆ ಮುರಿದುಬಿತ್ತು. ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ ಅಸಹಕಾರ ಚಳವಳಿಯ ಸುದ್ದಿ ಕೇಳಿ 1923ರಲ್ಲಿ ಸ್ವದೇಶಕ್ಕೆ ಮರಳಿ ಸೇವಾದಳವನ್ನು ಸೇರಿದರು.

1926ರಲ್ಲಿ ಮದರಾಸು ಪ್ರಾಂತ್ಯದ ಶಾಸನಸಭೆಗೆ ಸ್ತ್ರೀಯರೂ ಸ್ಪರ್ಧಿಸಬಹುದೆಂದು ಆಯಿತು. ಐರಿಷ್ ಮೂಲದ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿ ತಮ್ಮ ಹುಟ್ಟೂರಿನ ಕಡೆಯಿಂದಲೇ ಅಭ್ಯರ್ಥಿಯಾದರು. ಆಗ ಇಪ್ಪತ್ತಮೂರರ ಪ್ರಾಯ. ಪ್ರಚಾರಕ್ಕೆ ದೊರೆತದ್ದು ಅತ್ಯಲ್ಪ ಕಾಲ. ಆಸ್ತಿಯುಳ್ಳವರಿಗೆ ಮಾತ್ರ ಮತದಾನದ ಹಕ್ಕಿದ್ದುದರಿಂದ ಅವರ ಪರವಾಗಿದ್ದ ಬಹುಮಂದಿಗೆ ಮತವೇ ಇರಲಿಲ್ಲ. ಹೀಗಿದ್ದೂ ಅವರು ಸೋತದ್ದು ಬಹಳ ಸಣ್ಣ ಅಂತರದಿಂದ. ಇಂದು ನಮ್ಮ ಬೆರಳಿಗೆ ಮಸಿ ಹಚ್ಚಿಸಿಕೊಳ್ಳಲು ನಾವು ತೋರುವ ಆಲಸ್ಯವನ್ನು, ಮತವಿಲ್ಲದೆ ಬೀದಿಯಂಚಿನಲ್ಲಿ ನಿಂತು ನೋಡಿದ ಅಂದಿನ ಜನರ ಕಣ್ಣಿನಿಂದ ಒಮ್ಮೆ ನೋಡಿಕೊಳ್ಳಬೇಕು.

ಸೋಲು ಅವರನ್ನು ಮನೆಗೆ ಅಟ್ಟಲಿಲ್ಲ. 1927ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ತಿರುಗಿ ಸ್ತ್ರೀಶಿಕ್ಷಣಕ್ಕಾಗಿ ದುಡಿದರು. 1930ರಲ್ಲಿ ಗಾಂಧೀಜಿಯವರು ದಂಡಿಗೆ ಹೊರಟಾಗ ಯಾತ್ರಿಕರಲ್ಲಿ ಸ್ತ್ರೀಯರಿರಲಿಲ್ಲ. ಕಮಲಾದೇವಿ ಅವರನ್ನು ಕಂಡು, ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಪಾಲು ಬೇಕೆಂದು ವಾದಿಸಿ ಒಪ್ಪಿಗೆ ಪಡೆದರು. ಮುಂಬಯಿಯ ಕಡಲ ತೀರದಲ್ಲಿ ಉಪ್ಪು ತಯಾರಿಸಿ, ಪೊಟ್ಟಣ ಕಟ್ಟಿ, ಷೇರು ಮಾರುಕಟ್ಟೆಯ ಒಳಗೆ ಹೋಗಿ ಮಾರಿದರು. ಸೆರೆಮನೆ ಸೇರಿದರು, ಮುಂದೆಯೂ ಹಲವು ಬಾರಿ ಸೇರಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು. ಸ್ವಾತಂತ್ರ್ಯ ಬಂದಾಗ ರಾಷ್ಟ್ರದ ಅಗ್ರಗಣ್ಯ ನಾಯಕರ ಸಾಲಿನಲ್ಲಿ ಅವರ ಹೆಸರಿತ್ತು.

ಅಲ್ಲಿಂದ ಮುಂದಿನದು ಇಂದಿನ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. 1947ರ ಸ್ವಾತಂತ್ರ್ಯ ಅವರು ಕನಸು ಕಂಡಂತೆ ಬರಲಿಲ್ಲ. ದೇಶ ಎರಡಾಯಿತು. ರಕ್ತ ಹರಿಯಿತು. ನಿನ್ನೆಯ ಸತ್ಯಾಗ್ರಹಿಗಳು ಇಂದಿನ ಮಂತ್ರಿಪದವಿಗಾಗಿ ಸಾಲುಗಟ್ಟಿದರು. ಕಮಲಾದೇವಿಯವರಿಗೂ ಉನ್ನತ ಸ್ಥಾನಗಳ ದಾರಿ ತೆರೆದಿತ್ತು. ಅವರು ಅದನ್ನು ಬಯಸಲಿಲ್ಲ. ಅಧಿಕಾರ ರಾಜಕಾರಣದ ಕುರಿತು ಅವರ ಭ್ರಮೆ ನೀಗಿತ್ತು. ಇಂಥ ಹೊತ್ತಿನಲ್ಲಿ ಎಷ್ಟೋ ಮಂದಿ ಮೌನಕ್ಕೆ ಶರಣಾಗುತ್ತಾರೆ ಅಥವಾ ಉಳಿದ ಆಯುಷ್ಯವನ್ನು ದೂರು ಹೇಳುವುದರಲ್ಲಿ ಕಳೆಯುತ್ತಾರೆ. ಅವರು ಎರಡನ್ನೂ ಮಾಡಲಿಲ್ಲ. ದೆಹಲಿಯ ಸುತ್ತ ಡೇರೆಗಳಲ್ಲಿ ಬಿದ್ದಿದ್ದ ನಿರಾಶ್ರಿತರತ್ತ ತಿರುಗಿದರು.

1948ರಲ್ಲಿ ಅವರು ಭಾರತೀಯ ಸಹಕಾರಿ ಒಕ್ಕೂಟವನ್ನು ಸ್ಥಾಪಿಸಿದರು. ನಿರಾಶ್ರಿತರಿಗೆ ಅನ್ನ ಹಂಚುವುದಷ್ಟೇ ಅದರ ಉದ್ದೇಶವಾಗಿರಲಿಲ್ಲ. ಎಲ್ಲವನ್ನೂ ಕಳೆದುಕೊಂಡವನಿಗೆ ಭಿಕ್ಷೆ ಕೊಟ್ಟರೆ ಹೊಟ್ಟೆ ತುಂಬಬಹುದು, ಮಾನ ಮರಳುವುದಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ದೆಹಲಿಯ ಬಳಿಯ ಛತ್ತರ್‌ಪುರದಲ್ಲಿ ನಿರಾಶ್ರಿತ ರೈತರು ಸಹಕಾರಿ ಪದ್ಧತಿಯಲ್ಲಿ ಬೇಸಾಯ ಆರಂಭಿಸಿದರು. ವಾಯವ್ಯ ಗಡಿನಾಡಿನಿಂದ ಬಂದ ಹತ್ತಾರು ಸಾವಿರ ಜನರಿಗಾಗಿ ಫರೀದಾಬಾದಿನಲ್ಲಿ ಹೊಸ ಪಟ್ಟಣವೇ ಎದ್ದಿತು. ಅದನ್ನು ಗುತ್ತಿಗೆದಾರರಿಗೆ ವಹಿಸುವ ಬದಲು, ಅಲ್ಲಿ ನೆಲೆಸಲಿದ್ದವರೇ ಸಹಕಾರಿ ಸಂಘಗಳನ್ನು ಕಟ್ಟಿ ದುಡಿಯಲು ಒಕ್ಕೂಟ ದಾರಿ ಮಾಡಿಕೊಟ್ಟಿತು. ಕೊಡಲಿ ಹಿಡಿದು ಅರಿಯದ ವ್ಯಾಪಾರಿಗಳು, ಇಟ್ಟಿಗೆ ಮುಟ್ಟದ ಯುವಕರು ತಮ್ಮ ಊರನ್ನು ತಾವೇ ಕಟ್ಟಿದರು.

ಈ ಪ್ರಯೋಗ ಎಲ್ಲ ರೀತಿಯಲ್ಲೂ ಜಯಿಸಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಕಾಲಕ್ರಮದಲ್ಲಿ ಫರೀದಾಬಾದ್ ಸರಕಾರಿ ಇಲಾಖೆಗಳ ಹಿಡಿತಕ್ಕೆ ಹೋಯಿತು. ಸಹಕಾರದ ಜೀವ ಅಲ್ಲಿ ಕ್ಷೀಣಿಸಿತು. ಆದರೆ ಕಟ್ಟಿದ ಮನೆಗಳಲ್ಲಿ ಮಕ್ಕಳು ಬೆಳೆದರು. ಒಳ್ಳೆಯ ಕೆಲಸವು ಶಾಶ್ವತವಾಗಿ ಉಳಿಯದಿದ್ದರೆ ಅದು ವ್ಯರ್ಥವೆಂದು ಭಾವಿಸುವುದೂ ಒಂದು ಭ್ರಮೆಯೇ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ಅಧ್ಯಕ್ಷತೆಯನ್ನು ಅವರು ವಹಿಸಿಕೊಂಡರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಂತ್ರಿಪದವಿಯನ್ನು ಬಯಸದವರು ಸರಕಾರದ ಮಂಡಳಿಯನ್ನು ಏಕೆ ಒಪ್ಪಿದರು? ಅವರು ತೊರೆದದ್ದು ಅಧಿಕಾರದ ಆಸೆಯನ್ನು, ಸರಕಾರವನ್ನಲ್ಲ. ಕುಂಬಾರ, ನೇಕಾರ, ಬಡಗಿ, ಕಮ್ಮಾರರಿಗೆ ಪ್ರಯೋಜನವಾಗುವುದಾದರೆ ಸರಕಾರದ ಬಾಗಿಲನ್ನು ತಟ್ಟಲು ಅವರಿಗೆ ಸಂಕೋಚವಿರಲಿಲ್ಲ. ಯಂತ್ರದ ಸರಕಿನ ಮುಂದೆ ನಶಿಸುತ್ತಿದ್ದ ಕಲೆಗಳನ್ನು ಹುಡುಕಿಕೊಂಡು ಹಳ್ಳಿಹಳ್ಳಿಗೆ ಹೋದರು. ಕಾಳಹಸ್ತಿಯ ಕಲಂಕಾರಿ, ಜೈಪುರದ ನೀಲಿ ಮಣ್ಣಿನ ಪಾತ್ರೆಗಳು ಮರುಜೀವ ಪಡೆದದ್ದರಲ್ಲಿ ಅವರ ಪಾತ್ರ ದೊಡ್ಡದು. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿಗಳು 1965ರಿಂದ ಆರಂಭವಾದವು. 1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದಿತು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದರು.

ಇಂಥ ದೊಡ್ಡ ಬಾಳನ್ನು ನಮ್ಮಂಥ ಸಾಮಾನ್ಯರ ಮುಂದೆ ಆದರ್ಶವಾಗಿ ಇಡುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಅವರ ಪ್ರತಿಭೆ ನಮಗಿಲ್ಲ, ನಿಜ. ಆದರೆ ಅವರು ಆರಿಸಿಕೊಂಡ ವಿಧಾನ ಸಾಮಾನ್ಯರದೇ: ಹತ್ತು ಮಂದಿ ಸೇರಿ, ತಮ್ಮ ಕೈಗೆಟಕುವ ಒಂದು ಕೆಲಸವನ್ನು, ಲೆಕ್ಕಪತ್ರ ಇಟ್ಟು, ವರ್ಷಾನುಗಟ್ಟಲೆ ಮಾಡುವುದು. ಈ ವಿಧಾನ ನಮ್ಮ ಊರಿಗೆ ಹೊಸತಲ್ಲ. 1912ರಲ್ಲಿ ಮಂಗಳೂರಿನ ಕಥೋಲಿಕರು ಸಹಕಾರಿ ಬ್ಯಾಂಕೊಂದನ್ನು ಕಟ್ಟಿದರು, ಎಂ.ಸಿ.ಸಿ. ಬ್ಯಾಂಕ್ ಎಂದು ಅದು ಇಂದಿಗೂ ನಡೆಯುತ್ತಿದೆ. 1924ರಲ್ಲಿ ಕರ್ಣಾಟಕ ಬ್ಯಾಂಕ್ ಮತ್ತು 1931ರಲ್ಲಿ ವಿಜಯ ಬ್ಯಾಂಕ್ ಹುಟ್ಟಿದ್ದೂ ಇದೇ ಪಟ್ಟಣದಲ್ಲಿ. ದೇಶದ ಆಡಳಿತದಲ್ಲಿ ನಮ್ಮ ಜನರಿಗೆ ಧ್ವನಿಯೇ ಇಲ್ಲದ ಕಾಲದಲ್ಲಿ ಇವೆಲ್ಲ ನಡೆದವು ಎಂಬುದನ್ನು ಮರೆಯಬಾರದು.

ಪವಿತ್ರ ಸಭೆಯ ಬೋಧನೆಯೂ ಇದನ್ನೇ ಎತ್ತಿಹಿಡಿಯುತ್ತದೆ. 1931ರ ತಮ್ಮ ವಿಶ್ವಪತ್ರದಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಅವರು ಪೂರಕತ್ವದ ತತ್ತ್ವವನ್ನು ಸ್ಪಷ್ಟಪಡಿಸಿದರು. ಕುಟುಂಬ, ನೆರೆಹೊರೆ, ಸಂಘಗಳು ತಾವೇ ಮಾಡಬಲ್ಲ ಕೆಲಸವನ್ನು ದೊಡ್ಡ ವ್ಯವಸ್ಥೆ ಕಸಿದುಕೊಳ್ಳಬಾರದೆಂಬುದು ಅದರ ಸಾರ. ಇದು ಪ್ರಭುತ್ವಕ್ಕೆ ಹಾಕಿದ ಮಿತಿ ಮಾತ್ರವಲ್ಲ, ನಮ್ಮ ಮೇಲೆ ಹೊರಿಸಿದ ಹೊಣೆಯೂ ಹೌದು. ನಾವು ಮಾಡಬಲ್ಲುದನ್ನು ಮಾಡದೆ ದೆಹಲಿಯನ್ನು ದೂರಿದರೆ ಆ ಹೊಣೆಯಿಂದ ನುಣುಚಿಕೊಂಡಂತೆ.

ನಮ್ಮ ಧರ್ಮಕೇಂದ್ರಗಳಲ್ಲಿ ವಾರ್ಡುಗಳಿವೆ, ಗುರಿಕಾರರಿದ್ದಾರೆ, ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯಿದೆ. 1992ರ ಸಂವಿಧಾನ ತಿದ್ದುಪಡಿಯಿಂದ ಮೂರು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿಗೆ ಅವಕಾಶವಾಗಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಮೂಲಕ ಬೀದಿಯ ಚರಂಡಿಗೆ ಎಷ್ಟು ಹಣ ವೆಚ್ಚವಾಯಿತೆಂದು ಯಾರೂ ಕೇಳಬಹುದು. ಬಂದರಿನಲ್ಲಿ ಮೂಟೆ ಹೊರುವವರು, ದೋಣಿಗಳಲ್ಲಿ ದುಡಿಯಲು ದೂರದ ರಾಜ್ಯಗಳಿಂದ ಬಂದ ತರುಣರು ನಮ್ಮ ನೆರೆಯವರೇ. ಅವರ ಮಕ್ಕಳ ಶಾಲೆ, ಅವರ ರೋಗ, ಅವರ ಕೂಲಿ ಯಾವ ಪಕ್ಷದ ಗೆಲುವಿಗೂ ಕಾಯಲಾರವು. ಈ ಕೆಲಸದಲ್ಲಿ ಬಂದರಿನ ಮುಸಲ್ಮಾನ ವ್ಯಾಪಾರಿಯೂ ಹಿಂದೂ ಮೊಗವೀರನೂ ಕಥೋಲಿಕ ಗುಮಾಸ್ತನೂ ಒಂದೇ ಚಾಪೆಯಲ್ಲಿ ಕುಳಿತರೆ, ಚುನಾವಣೆಯ ಭಾಷಣಗಳು ಒಡೆಯಲು ಬಯಸುವುದನ್ನು ಅವರು ಮೌನವಾಗಿ ಬೆಸೆದಂತಾಗುತ್ತದೆ.

ಹಾಗೆಂದು ಮತಗಟ್ಟೆಗೆ ಬೆನ್ನು ಹಾಕಬೇಕೆಂದಲ್ಲ. ಪ್ರಭು ಯೇಸು ಹೇಳಿದ ಸಮಾರಿಯದವನ ಸಾಮತಿಯನ್ನು ನೆನೆಯಿರಿ. ಜೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರ ಭಯವಿದ್ದುದು ಆಳುವವರ ದೋಷ. ಆ ದಾರಿಯನ್ನು ಸುರಕ್ಷಿತಗೊಳಿಸುವುದೂ ಪ್ರೀತಿಯ ಕೆಲಸವೇ; ಅದಕ್ಕೆ ಮತ ಬೇಕು, ನ್ಯಾಯಾಲಯ ಬೇಕು, ಪ್ರಶ್ನಿಸುವ ಧೈರ್ಯ ಬೇಕು. ಆದರೆ ಗಾಯಗೊಂಡು ಬಿದ್ದಿದ್ದವನು ಆಳುವವರು ಬದಲಾಗುವ ತನಕ ಕಾಯಲಾರನು. ಸಮಾರಿಯದವನು ಮೊದಲು ಕತ್ತೆಯಿಂದ ಇಳಿದನು. ಅಧಿಕಾರದ ಮೆಟ್ಟಿಲನ್ನು ಬಿಟ್ಟು ಡೇರೆಗಳತ್ತ ನಡೆದ ಕಮಲಾದೇವಿಯವರು ಮಾಡಿದ್ದೂ ಅದನ್ನೇ. ಈ ವಾರ ನಮ್ಮ ಬೀದಿಯಲ್ಲಿ ಬಿದ್ದಿರುವವರು ಯಾರೆಂದು ಪ್ರತಿಯೊಂದು ಕುಟುಂಬವೂ ಸಂಜೆಯ ಜಪಸರದ ಬಳಿಕ ಒಂದು ಕ್ಷಣ ಯೋಚಿಸಲಿ, ಒಂದು ಹೆಸರನ್ನು ಗುರುತಿಸಲಿ. ದೇವರು ನಮ್ಮ ಕೈಗಳಿಗೆ ಬಲ ನೀಡಲಿ.