ನೀರಹಕ್ಕಿಗಳ ನೆಂಟ ಸಲೀಂ ಅಲಿ

ಹಕ್ಕಿಯ ಹೆಸರನ್ನು ಅರಿಯುವುದು ಒಂದು ವಿದ್ಯೆ. ಅದು ಬಂದಿಳಿಯುವ ನೀರನ್ನು ಉಳಿಸುವುದು ಇನ್ನೂ ದೊಡ್ಡ ವಿದ್ಯೆ. ಈ ಎರಡಕ್ಕೂ ತಮ್ಮ ಬಾಳನ್ನು ಸವೆಸಿದ ಡಾ. ಸಲೀಂ ಅಲಿಯವರನ್ನು ನಮ್ಮ ವಿದ್ಯಾರ್ಥಿಗಳು ಪಕ್ಷಿಶಾಸ್ತ್ರಜ್ಞರೆಂದಷ್ಟೇ ಬಲ್ಲರು. ನನಗೆ ಅವರು ಹೆಚ್ಚು ಪ್ರಿಯರಾಗಿರುವುದು ಜೌಗುನೆಲಗಳ ವಕೀಲರಾಗಿ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದ ಅವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದರು. ತಾವೇ ಹೊಡೆದುರುಳಿಸಿದ ಹಳದಿ ಕತ್ತಿನ ಗುಬ್ಬಿಯೊಂದರ ಹೆಸರನ್ನು ತಿಳಿಯಲು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘಕ್ಕೆ ಹೋದ ಬಾಲಕ, ಮುಂದೆ ಆ ಸಂಘಕ್ಕೇ ಆಧಾರಸ್ತಂಭವಾದನು. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮನ್ನರ ಬಳಿ ಕಲಿತು ಬಂದ ಮೇಲೆ ಅವರು ಸಂಸ್ಥಾನಗಳನ್ನು ಸುತ್ತಿ ಪಕ್ಷಿಗಳ ಸಮೀಕ್ಷೆ ನಡೆಸಿದರು.

ಆ ಸುತ್ತಾಟವೇ ಅವರನ್ನು ಮೈಸೂರಿಗೆ ತಂದಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡುಕಟ್ಟುವುದನ್ನು ಕಂಡು, ಆ ಎಡೆಯನ್ನು ಕಾಪಾಡುವಂತೆ ಅವರು ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಇದಕ್ಕಿಂತ ಕಠಿನವಾದ ಪರೀಕ್ಷೆ ಭರತಪುರದ ಕೇವಲಾದೇವದಲ್ಲಿ ಒದಗಿತು. ಅದು ಮಹಾರಾಜರು ಬಾತುಕೋಳಿಗಳ ಬೇಟೆಗೆಂದೇ ನೀರು ತುಂಬಿಸಿದ ತಗ್ಗು. 1938ರಲ್ಲಿ ಒಂದೇ ದಿನ ಅಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಹಕ್ಕಿಗಳು ಗುಂಡಿಗೆ ಬಲಿಯಾದವು. ಸ್ವಾತಂತ್ರ್ಯಾನಂತರ ಅದನ್ನು ಬತ್ತಿಸಿ ಉಳಬೇಕೆಂಬ ಕೂಗೆದ್ದಾಗ ಸಲೀಂ ಅಲಿಯವರು ನೆಹರೂ ಅವರಲ್ಲಿ ಮೊರೆಯಿಟ್ಟರು. ಜೌಗು ಉಳಿಯಿತು; 1956ರಲ್ಲಿ ಪಕ್ಷಿಧಾಮವೂ ಆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1982ರಲ್ಲಿ, ಅವರ ಸಮ್ಮತಿಯೊಡನೆ, ಅಲ್ಲಿ ದನಕರುಗಳ ಮೇವನ್ನು ನಿಷೇಧಿಸಲಾಯಿತು. ಹಳ್ಳಿಗರು ಸಿಡಿದೆದ್ದರು, ಪೋಲೀಸರ ಗುಂಡಿಗೆ ಕೆಲವರು ಪ್ರಾಣ ತೆತ್ತರು. ಅವರದೇ ಸಂಘದ ದೀರ್ಘಕಾಲದ ಅಧ್ಯಯನವು ಮುಂದೆ ಬೇರೆಯೇ ಸತ್ಯವನ್ನು ಹೊರತಂದಿತು: ಎಮ್ಮೆಗಳಿಲ್ಲದೆ ಹುಲ್ಲು ಹಬ್ಬಿ ತಿಳಿನೀರನ್ನು ಮುಚ್ಚಿತ್ತು, ನೀರಹಕ್ಕಿಗಳಿಗೆ ಎಡೆಯೇ ಕಿರಿದಾಗಿತ್ತು. ಆ ತೀರ್ಮಾನವನ್ನು ಕೇಳಲು ಅವರಿರಲಿಲ್ಲ. 1987ರ ಜೂನ್ 20ರಂದೇ ಕಣ್ಮುಚ್ಚಿದ್ದರು.

ಇದರಿಂದ ಅವರ ಹಿರಿಮೆ ಕುಂದಿತೆಂದು ನಾನು ಭಾವಿಸುವುದಿಲ್ಲ. ಊಹೆಯನ್ನು ನಂಬದೆ ಕಣ್ಣಾರೆ ಕಂಡು ಬರೆಯಿರೆಂದು ಕಲಿಸಿದವರು ಅವರೇ. ಆ ಪಾಠವೇ ಅವರ ಮತವನ್ನು ತಿದ್ದಿತು. ಗುರುವಿಗೆ ಇದಕ್ಕಿಂತ ಮಿಗಿಲಾದ ಕಾಣಿಕೆ ಯಾವುದು? 2022ರಲ್ಲಿ ರಂಗನತಿಟ್ಟು ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು. ಮನ್ನಣೆ ಫಲಿಸಬೇಕಾದರೆ ಹೊಳೆಯೂ ಹಕ್ಕಿಯೂ ದಡದ ಜನರೂ ಒಂದೇ ಸಂಸಾರವೆಂಬ ಅರಿವು ನಮ್ಮಲ್ಲಿ ಮೂಡಬೇಕು.